ಮಿಸ್ಡ್ ಕಾಲ್ ಕೊಟ್ಟವರಿಗೆ ತಿರುಗಿ ಫೋನ್ ಮಾಡಿ

ಸೇವಾಸಂಸ್ಥೆಗಳನ್ನು ನಡೆಸುತ್ತಿರುವ ಗೆಳೆಯರೇ, ಅವುಗಳಿಗೆ ಹಣ ಕೊಡುವ ಕಂಪನಿಗಳ ದೊಡ್ಡವರೇ, ದಯವಿಟ್ಟು ಇನ್ನೊಂದು ಆ್ಯಪ್ ಬೇಡ.

ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರುಗಳಿವೆ. ಮನೆಗಿರುವ ಒಂದೇ ಫೋನು ಗಂಡನ ಜೇಬಿನಲ್ಲಿ ಹೊರಗೆ ಹೋಗಿಬಿಡುವ ಊರುಗಳಿವೆ. ಅಂಥ ಊರುಗಳ ಹೆಸರಿನಲ್ಲಿ ಬೆಂಗಳೂರಿನ ಹೋಟೆಲುಗಳಲ್ಲಿ ದೀಪ ಬೆಳಗಿ ಆ್ಯಪ್ ಬಿಡುಗಡೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೀವು ಓದಿಲ್ಲವೆಂದಲ್ಲ. ದೇಶದ ಹಳ್ಳಿಗಳಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ನೂರಕ್ಕೆ 25ರಷ್ಟೂ ಇರಲಿಲ್ಲ. ಗಂಡಸರು 49ರ ಹತ್ತಿರ. ಆಮೇಲೆ ಅಂಕಿ ಏರಿರಬಹುದು, ಆದರೆ ಫೋನು ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ಹಾಗೇ ಇದೆ. ಯೋಜನಾವರದಿಯ ಮೊದಲ ಪುಟದಲ್ಲಿ ಇದೇ ಅಂಕಿಯನ್ನು ಹಾಕಿ ಕಳವಳಪಡುತ್ತೀರಿ, ಹತ್ತನೇ ಪುಟದಲ್ಲಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ತೆರೆಯದ ಪರಿಹಾರ ಕೊಡುತ್ತೀರಿ.

2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರು ಕೋವಿಡ್ ಲಸಿಕೆ ಬೇಕೆಂದರೆ ಸರ್ಕಾರದ ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಲೇಬೇಕಿತ್ತು. ಇಂಟರ್ನೆಟ್ ಇಲ್ಲದವರ ಗತಿಯೇನೆಂದು ಸುಪ್ರೀಂ ಕೋರ್ಟೇ ಕೇಳಬೇಕಾಯಿತು. ನಾವೆಲ್ಲ ಸರ್ಕಾರವನ್ನು ಬೈದೆವು, ಬೈದದ್ದು ಸರಿಯೇ. ಅದನ್ನೇ ಈಗ ಸೇವೆಯ ಹೆಸರಿನಲ್ಲಿ ಮಾಡಿದರೆ ಯಾರನ್ನು ಬೈಯೋಣ?

ದಾರಿ ಗೊತ್ತಿಲ್ಲವೆನ್ನುವಂತಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೆನಪಿಸಿಕೊಳ್ಳಿ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಅಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ರೇಡಿಯೊ ಪ್ರಯತ್ನ ಶುರುಮಾಡಿದ್ದು 2001ರ ಹೊತ್ತಿಗೆ. ಅದೇ ವರ್ಷ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂತು. ದುಡ್ಡಿದ್ದವರಿಗೆ ತರಂಗಗಳು ಹರಾಜಿನಲ್ಲಿ ಸಿಕ್ಕವು, ಹಳ್ಳಿಯವರು ಕೇಳಿದರೆ ಕಾನೂನಿನಲ್ಲಿ ಅವಕಾಶವಿಲ್ಲ! ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಸೇವಾಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಬಿಡುವ ನೀತಿ ಬರಲು 2006 ಆಗಬೇಕಾಯಿತು. ಬೂದಿಕೋಟೆ ಅಲ್ಲಿಯತನಕ ಕಾಯುತ್ತ ಕೂರಲಿಲ್ಲ. ಊರಿನವರೇ ಮಾತಾಡಿ ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳನ್ನು ಹೆಂಗಸರ ಸಂಘಗಳ ಸಭೆಯಲ್ಲಿ ಹಾಕಿದರು, ಧ್ವನಿವರ್ಧಕದಲ್ಲಿ ಕೇಳಿಸಿದರು, ಆಮೇಲೆ ಟಿ.ವಿ. ಕೇಬಲ್ಲಿನ ತಂತಿಯಲ್ಲೇ ದನಿಯನ್ನು ಮನೆಗಳಿಗೆ ಹರಿಸಿದರು.

ಇನ್ನೊಂದು ಬಸ್ತರಿನ ಕಡೆಯದು. ಪತ್ರಕರ್ತ ಶುಭ್ರಾಂಶು ಚೌಧರಿ 2010ರಲ್ಲಿ ಛತ್ತೀಸಗಢದಲ್ಲಿ 'ಸಿಜಿನೆಟ್ ಸ್ವರ' ಎಂಬ ಫೋನಿನ ಸುದ್ದಿಸೇವೆ ಆರಂಭಿಸಿದರು. 2011ರ ಜನಗಣತಿಯ ಪ್ರಕಾರ ಆ ಕಡೆಯ ಆದಿವಾಸಿಗಳ ಭಾಷೆಯಾದ ಗೊಂಡಿ ಮಾತಾಡುವವರು ದೇಶದಲ್ಲಿ ಸುಮಾರು 30 ಲಕ್ಷ. ಅವರ ಮಾತಿನಲ್ಲಿ ಸುದ್ದಿ ಕೊಡುವವರು ಮಾತ್ರ ವಿರಳ. ಈ ಸೇವೆಗೆ ಬೇಕಾದದ್ದು ಸಾಧಾರಣ ಕೀಪ್ಯಾಡ್ ಫೋನು. ಮಿಸ್ಡ್ ಕಾಲ್ ಕೊಟ್ಟರೆ ಆ ಕಡೆಯ ಕಂಪ್ಯೂಟರೇ ತಿರುಗಿ ಕರೆಮಾಡುತ್ತಿತ್ತು. ಒಂದನ್ನು ಒತ್ತಿ ಹೇಳು, ಎರಡನ್ನು ಒತ್ತಿ ಕೇಳು. ಓದು ಬರಹ ಬೇಡ, ಕರೆನ್ಸಿಯೂ ಬೇಡ. ಮೊದಮೊದಲು ಆ ಕಾಡಿನವರು ಫೋನ್ ಮಾಡುತ್ತಿದ್ದುದು 080ಯಿಂದ ಶುರುವಾಗುವ ನಮ್ಮ ಬೆಂಗಳೂರಿನ ನಂಬರಿಗೆ! ಕೂಲಿ ಬಂದಿಲ್ಲ, ಬೋರ್‌ವೆಲ್ ಕೆಟ್ಟಿದೆ ಎಂದು ಒಬ್ಬರು ಹೇಳಿ ಅಧಿಕಾರಿಯ ನಂಬರನ್ನೂ ಕೊಡುತ್ತಿದ್ದರು. ಕೇಳಿಸಿಕೊಂಡವರು ಎಲ್ಲಿಂದಲೋ ಆ ಅಧಿಕಾರಿಗೆ ಫೋನ್ ಹಚ್ಚುತ್ತಿದ್ದರು.

ಇಂಥ ಕೆಲಸದಲ್ಲಿ ಯಂತ್ರದ ಬೆರಗು ಕಡಿಮೆ, ಮನುಷ್ಯರ ದುಡಿಮೆ ಜಾಸ್ತಿ. ತಿರುಗಿ ಮಾಡಿದ ಕರೆಯ ದುಡ್ಡನ್ನು ಯಾರೋ ಕಟ್ಟಬೇಕು. ಧ್ವನಿಮುದ್ರಿಸಿದ್ದನ್ನು ಆ ಭಾಷೆ ಬಲ್ಲವರು ಕೂತು ಕೇಳಬೇಕು, ಪರಿಶೀಲಿಸಬೇಕು. ದಾನಿಗಳೇ, ನೀವು ಕೈ ಬಿಗಿಹಿಡಿಯುವುದು ಇಲ್ಲಿಯೇ. ತಂತ್ರಾಂಶ ಕಟ್ಟಿಸಲು ಲಕ್ಷಗಟ್ಟಲೆ ಕೊಡುತ್ತೀರಿ, ಫೋನ್ ಬಿಲ್ಲಿಗೆ, ಕೇಳಿಸಿಕೊಳ್ಳುವ ಹುಡುಗಿಯ ಸಂಬಳಕ್ಕೆ 'ಆಡಳಿತ ವೆಚ್ಚ' ಎಂದು ಕತ್ತರಿ ಹಾಕುತ್ತೀರಿ. ಆ ಹುಡುಗಿ ಕೆಲಸ ಬಿಟ್ಟ ದಿನ ಯೋಜನೆಯೇ ಸತ್ತಂತೆ. ಡೌನ್‌ಲೋಡ್ ಎಷ್ಟಾಯಿತೆಂದು ಕೇಳುವುದನ್ನು ನಿಲ್ಲಿಸಿ. ಎಷ್ಟು ದೂರು ಬಂತು, ಎಷ್ಟು ಬಗೆಹರಿಯಿತು, ಬಗೆಹರಿಯದ್ದಕ್ಕೆ ಯಾರು ಯಾರ ಬೆನ್ನು ಹತ್ತಿದ್ದಾರೆ ಎಂದು ಕೇಳಿ.

ಸಂಸ್ಥೆಯವರೇ, ನಿಮಗೂ ಒಂದು ಮಾತು. ದನಿಯ ಸಂದೇಶ ಕಳಿಸುವುದು ನಿಮಗೆ ಗೊತ್ತಿದೆ. ಕೈ ತೊಳೆಯಿರಿ, ಲಸಿಕೆ ಹಾಕಿಸಿ ಎಂದು ದಿನಾ ಹೇಳುತ್ತೀರಿ. ಉತ್ತರ ಹೇಳಲು ಊರಿನವರಿಗೆ ಎಲ್ಲಿ ಜಾಗವಿದೆ? ಸಮುದಾಯ ರೇಡಿಯೊಗಳಿಗೆ ಇಂದಿಗೂ ಸ್ವಂತ ಸುದ್ದಿ ಓದುವ ಹಕ್ಕಿಲ್ಲ, ಸುದ್ದಿ ಬೇಕಿದ್ದರೆ ಆಕಾಶವಾಣಿಯದನ್ನೇ ಬಳಸಬೇಕು. ಅದರ ವಿರುದ್ಧ ನೀವೇಕೆ ಗಟ್ಟಿಯಾಗಿ ಮಾತಾಡುವುದಿಲ್ಲ?

ಮುಂದಿನ ಟ್ರಸ್ಟಿಗಳ ಸಭೆಯಲ್ಲಿ ಗ್ರಾಫುಗಳನ್ನು ತೋರಿಸುವ ಮೊದಲು ಊರಿನವರು ಹೇಳಿದ್ದನ್ನು ಅವರದೇ ದನಿಯಲ್ಲಿ ಸ್ಪೀಕರಿನಲ್ಲಿ ಹಾಕಿ. ನಿಮ್ಮ ಸಂಸ್ಥೆಯ ಮೇಲೆಯೇ ದೂರಿದ್ದರೆ ಅದನ್ನು ಮೊದಲು ಹಾಕಿ.