ಹೋದ ಮೂಟೆ ವಾಪಸ್ ಬರೋದಿಲ್ಲ ಸ್ವಾಮಿ

ಸೋಗಾನೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯತೊಡಗಿದ್ದು 2023ರಲ್ಲಿ. 3.2 ಕಿಲೋಮೀಟರ್ ಉದ್ದದ ರನ್‌ವೇ ಇದೆ, ಇನ್ನೇನು ಸರಕಿನ ವಿಮಾನವೂ ಬರುತ್ತೆ, ಮಲೆನಾಡಿನ ಮಾಲು ನೇರ ದುಬೈಗೆ ಹೋಗುತ್ತೆ ಅನ್ನೋ ಮಾತು ಗಾಂಧಿ ಬಜಾರಿನಿಂದ ಬಸ್ ಸ್ಟ್ಯಾಂಡಿನವರೆಗೆ ಓಡಾಡುತ್ತಿದೆ. ಹೇಳೋರಿಗೇನು, ಮಾತಿಗೆ ಪೆಟ್ರೋಲ್ ಬೇಕೇ?

ಸರಕು ವಿಮಾನದ ವ್ಯಾಪಾರ ಲಾರಿ ವ್ಯಾಪಾರದ ಅಣ್ಣ. ರಿಟರ್ನ್ ಲೋಡ್ ಸಿಗದ ಲಾರಿಯವನ ಗೋಳು ನಮ್ಮ ಅಂಗಡಿಯವರಿಗೆ ಗೊತ್ತೇ ಇದೆ. ಮದುವೆಗೆ ಹೋದ ಪ್ರಯಾಣಿಕ ಮೂರನೇ ದಿನ ವಾಪಸ್ ಟಿಕೆಟ್ ತಗೋತಾನೆ. ಹೋದ ಮೂಟೆ ಹೋದದ್ದೇ. ಹಾಗಾಗಿ ಬರೀ ಸರಕು ಹೊರುವ ಕಂಪನಿ ಎರಡೂ ಕಡೆ ಮಾಲು ಸಿಗುವ ಊರನ್ನೇ ಹುಡುಕುತ್ತೆ. ಪೈಪೋಟಿ ಬೇರೆ ಇದೆ. ಪ್ರಪಂಚದ ವಿಮಾನ ಸರಕಿನಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗೋದು ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ, ಬಸ್ಸಿನ ಟಾಪ್ ಮೇಲೆ ಹೂವಿನ ಬುಟ್ಟಿ ಹೋದ ಹಾಗೆ. ಬಸ್ಸು ಹೇಗೂ ಹೊರಡುತ್ತೆ, ಬುಟ್ಟಿಯ ಕಾಸು ಬಂದಷ್ಟು ಲಾಭ. ಆ ರೇಟಿನ ಎದುರು ಇವನು ನಿಲ್ಲಬೇಕು. 2020ರ ಲಾಕ್‌ಡೌನಿನಲ್ಲಿ ಪ್ರಯಾಣಿಕರ ವಿಮಾನಗಳು ನಿಂತಾಗ ಸರಕಿನವರು ಕೈತುಂಬಾ ಕಾಸು ಕಂಡರು, ನಿಜ. ಹಾಗಂತ ಅಂಥಾ ಕಾಲವನ್ನ ಬೇಡಿಕೊಳ್ಳೋಕಾಗುತ್ತಾ?

ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿ, ಬಸ್ಸಿನಲ್ಲಿ ಓಡಾಡೋರನ್ನ ವಿಮಾನ ಹತ್ತಿಸಿದವರು. 2009ರಲ್ಲಿ ಡೆಕ್ಕನ್ 360 ಅಂತ ಸರಕಿನ ಕಂಪನಿ ತೆಗೆದರು. ನಾಗಪುರ ಕೇಂದ್ರ. ಊರೂರಿಂದ ಪಾರ್ಸೆಲ್ ರಾತ್ರಿ ಅಲ್ಲಿ ಬಂದು ಸೇರೋದು, ಬೇರೆ ಬೇರೆ ಮಾಡಿ ಬೆಳಗಾಗೋದ್ರೊಳಗೆ ಕಳಿಸೋದು. 1973ರಲ್ಲಿ ಅಮೆರಿಕದ ಫೆಡರಲ್ ಎಕ್ಸ್‌ಪ್ರೆಸ್ ಮೆಂಫಿಸ್ ಊರಿನಿಂದ ಇದೇ ಕ್ರಮ ಶುರು ಮಾಡಿದಾಗ ಮೊದಲ ರಾತ್ರಿ 14 ವಿಮಾನಕ್ಕೆ ಸಿಕ್ಕಿದ್ದು 186 ಪೊಟ್ಟಣ! ಅವರು ಎರಡು ವರ್ಷ ನಷ್ಟ ನುಂಗಿಕೊಂಡು ನಿಂತರು. ನಮ್ಮ ಕ್ಯಾಪ್ಟನ್ನರ ಕಂಪನಿ ಕೆಲವೇ ವರ್ಷದಲ್ಲಿ ಬಾಗಿಲು ಹಾಕಿತು. ಅಂಥಾ ಗಟ್ಟಿ ಆಸಾಮಿಗೇ ಹೀಗಾದರೆ ಸೋಗಾನೆಗೆ ಯಾವ ಧಣಿ ಬಂದಾನು?

ಇನ್ನು ಬಾಡಿಗೆ. ತಕ್ಕಡಿ ಸಾಲದು ಅಂತ ಟೇಪೂ ಹಿಡೀತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸ್ತಾರೆ. ಹಾಗೆ ಬಂದ ಲೆಕ್ಕ, ನಿಜವಾದ ತೂಕ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 60, 50, 40ರ ಹೂವಿನ ಡಬ್ಬ 8 ಕಿಲೋ ತೂಗಿದರೂ ಕೊಡಬೇಕಾದ್ದು 20 ಕಿಲೋದ ಬಾಡಿಗೆ.

ಅಡಿಕೆಗೆ ಈ ಉಸಾಬರಿ ಯಾಕೆ? ತಿಂಗಳುಗಟ್ಟಲೆ ಇಟ್ಟರೂ ಕೆಡದ ಮಾಲು, ಲಾರಿಯಲ್ಲೇ ಹೋಗಲಿ. ಹಾರಬೇಕಾದ್ದು ಹೂವು, ತರಕಾರಿಯಂಥ ಬಾಡುವ ಮಾಲು. ಅದನ್ನ ಹೊರುವ ವಿಮಾನಗಳು ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ದಿನಾ ಇವೆ. ಆದರೆ ಅಲ್ಲಿಯವರೆಗೆ ಬಿಸಿಲಲ್ಲಿ ಟೆಂಪೋದೊಳಗೆ ಬೆಂದ ಹೂವನ್ನ ಯಾವ ವಿಮಾನ ತಾಜಾ ಮಾಡುತ್ತೆ?

ಮಂಡಿಯವರು, ಬೆಳೆಗಾರರು ಕೂಡಿ ಕೇಳಬೇಕಾದ್ದು ಎರಡೇ: ಎಪಿಎಂಸಿ ಯಾರ್ಡಿನಲ್ಲಿ ಸಣ್ಣ ಬೆಳೆಗಾರನಿಗೂ ಬಾಡಿಗೆಗೆ ಸಿಗುವ ತಣ್ಣನೆ ಕೋಣೆ, ರಾತ್ರಿ ಬೆಂಗಳೂರಿಗೆ ಹೊರಡುವ ಒಂದು ತಂಪು ಲಾರಿ. ಲಾರಿಗೆ ಅಡಿಗಲ್ಲು ಹಾಕೋಕೆ ಬರೋದಿಲ್ಲ, ಆದ್ದರಿಂದ ಮಂತ್ರಿಗಳಿಗೆ ರುಚಿಸದೆ ಇರಬಹುದು. ಆದರೂ ಕೇಳಿ.