ಬೈರಾಸಿಗೂ ಒಂದು ಜಾಗ ಬೇಕು

ಹೊಸ ಮನೆಯ ನಕ್ಷೆ ಬರೆಯಿಸುವಾಗ ದೇವರ ಕೋಣೆ ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ, ಎದುರಿನ ಜಗಲಿ ಎಷ್ಟು ಅಗಲ ಎಂದೆಲ್ಲ ನಮ್ಮವರು ಹತ್ತು ಮಂದಿಯಲ್ಲಿ ವಿಚಾರಿಸುತ್ತಾರೆ. ಬಚ್ಚಲಿನ ಸರದಿ ಬಂದಾಗ ಮಾತ್ರ "ಉಳಿದ ಜಾಗದಲ್ಲಿ ಆಗಲಿ" ಎಂದು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಹಾಗೆ ಉಳಿದ ನಾಲ್ಕಡಿ ಅಗಲ, ಆರಡಿ ಉದ್ದದ ಕೋಣೆಯಲ್ಲಿ ನಳ್ಳಿ, ಬಾಲ್ದಿ, ಕಕ್ಕೂಸು ಎಲ್ಲವೂ ಕೂತ ಮೇಲೆ ಮನೆಯ ಐದಾರು ಮಂದಿಯ ಬೈರಾಸುಗಳನ್ನು ಎಲ್ಲಿ ಹರಡುವುದೆಂಬ ಪ್ರಶ್ನೆ ಗೃಹಪ್ರವೇಶದ ಮರುದಿನ ಏಳುತ್ತದೆ. ಬಾಗಿಲ ಹಿಂದೆ ಒಂದು ಮೊಳೆ ಹೊಡೆಯುವುದೇ ಅದಕ್ಕೆ ಸಿಗುವ ಉತ್ತರ. ಎಲ್ಲ ಬೈರಾಸುಗಳೂ ಒಂದರ ಮೇಲೊಂದು ಅದರಲ್ಲೇ ತೂಗುತ್ತವೆ.

ಇದೇನು ಪತ್ರಿಕೆಯಲ್ಲಿ ಬರೆಯುವ ವಿಷಯವೇ ಎಂದು ಕೆಲವರು ನಗಬಹುದು. ಆದರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಇದು ನಗುವ ವಿಷಯವಲ್ಲ. ಆಟಿ ತಿಂಗಳಲ್ಲಿ ಹೊರಗಿನ ಬಳ್ಳಿಯಲ್ಲಿ ಹಾಕಿದ್ದು ಒಣಗದು. ಒಳಗೆ ಮಡಚಿ ತೂಗಿಸಿದ್ದು ಮುಗ್ಗುಲು ಹಿಡಿಯುತ್ತದೆ. ಒಬ್ಬರ ಮೈಯ ಹುಳುಕಡ್ಡಿ ಇನ್ನೊಬ್ಬರಿಗೆ ದಾಟಲು ಹಂಚಿಕೊಂಡ ಒದ್ದೆ ಬಟ್ಟೆ ಸುಲಭದ ದಾರಿ. ಅದರಲ್ಲೂ ಈಚಿನ ವರ್ಷಗಳಲ್ಲಿ ಸಾಮಾನ್ಯ ಔಷಧಕ್ಕೆ ಬೇಗನೆ ಬಗ್ಗದ ಹುಳುಕಡ್ಡಿ ನಮ್ಮ ದೇಶದಲ್ಲಿ ಹೆಚ್ಚಿದೆ. ಪ್ರತಿಯೊಬ್ಬರಿಗೂ ಬೇರೆ ಬೈರಾಸು ಇರಲಿ ಎಂದು ವೈದ್ಯರು ಹೇಳುತ್ತಾರೆ. ಬೈರಾಸು ಬೇರೆಯಾದರೆ ಸಾಲದು, ಅದನ್ನು ತೂಗಿಸುವ ಜಾಗವೂ ಬೇರೆಯಾಗಬೇಕಷ್ಟೆ.

ಹಿಂದಿನ ಬಚ್ಚಲು ಕೊಟ್ಟಿಗೆ ಮನೆಯಿಂದ ತುಸು ದೂರವಿತ್ತು, ಕತ್ತಲೆಯಾಗಿತ್ತು, ಮುದುಕರಿಗೂ ಮಕ್ಕಳಿಗೂ ಕಷ್ಟವಾಗಿತ್ತು. ಅದು ಹೋದುದಕ್ಕೆ ಮರುಗಬೇಕಾಗಿಲ್ಲ. ಆದರೆ ಅಲ್ಲಿ ಹಂಡೆಯ ಒಲೆಯ ಬಿಸಿಯಿತ್ತು, ಹಂಚಿನ ಸಂದಿನಲ್ಲಿ ಗಾಳಿಯಾಡುತ್ತಿತ್ತು, ಮೇಲೆ ಬಿದಿರಿನ ಗಳ ತೂಗುತ್ತಿತ್ತು. ಮಳೆಗಾಲದ ಬಟ್ಟೆ ಅದರಲ್ಲಿ ಒಣಗುತ್ತಿತ್ತು. ಗೋಡೆಯಲ್ಲಿ ಸೀಗೆಪುಡಿಯ ಕರಟಕ್ಕೊಂದು ಗೂಡಿತ್ತು. ಹೊಸ ಬಚ್ಚಲಿಗೆ ಬಿಸಿನೀರಿನ ಗೀಸರು ಬಂತು. ಗಳವೂ ಗೂಡೂ ಬರಲಿಲ್ಲ.

ಈ ಇಕ್ಕಟ್ಟು ನಮ್ಮ ಜಿಲ್ಲೆಯದು ಮಾತ್ರವಲ್ಲ. ಕರ್ನಾಟಕದ ಇನ್ನೊಂದು ಗಡಿಯಾಚೆ, ತೆಲಂಗಾಣದ ಗದ್ವಾಲ ಸೀಮೆಯಲ್ಲಿ, ತುಂಗಭದ್ರೆಯ ದಡದಲ್ಲಿರುವ ರಾಜೋಳಿಯನ್ನು ನೋಡೋಣ. ಗದ್ವಾಲ ಸೀರೆ ನೇಯುವ ನೇಕಾರರ ಊರದು. 2009ರ ಅಕ್ಟೋಬರಿನ ನೆರೆಯಲ್ಲಿ ಅಲ್ಲಿಯ ಮನೆಗಳೂ ಮಗ್ಗಗಳೂ ನೀರುಪಾಲಾದವು. ಅಲ್ಲಿ ಮಳೆ ನಮ್ಮ ಐದರಲ್ಲೊಂದು ಪಾಲೂ ಇಲ್ಲ. ಬಟ್ಟೆ ಒಣಗುವ ಚಿಂತೆ ಕಡಿಮೆ. ಜಾಗದ ಚಿಂತೆ ಮಾತ್ರ ನಮಗಿಂತ ಹೆಚ್ಚು. ಮನೆಯೊಳಗೆ ಮಗ್ಗವಿದ್ದರೆ ಅನ್ನ ಕೊಡುವ ಆ ಮಗ್ಗಕ್ಕೇ ಒಳ್ಳೆಯ ಕೋಣೆ ಮೀಸಲು. ರೇಷ್ಮೆ ನೂಲಿನ ಬಳಿ ಒದ್ದೆ ಬಟ್ಟೆ ತರುವಂತಿಲ್ಲ. ಆದರೆ ಜಾಗವಿಲ್ಲದಲ್ಲಿ ಜಾಗ ಮಾಡುವ ಬಗೆಯನ್ನು ಮಗ್ಗವೇ ಕಲಿಸುತ್ತದೆ. ನೇಕಾರ ಕುಳಿಯಲ್ಲಿ ಕಾಲಿಟ್ಟು ಕೂರುತ್ತಾನೆ; ಅಂಚಿನ ಚಿತ್ತಾರ ಎತ್ತುವ ಜಕಾರ್ಡ್ ಪೆಟ್ಟಿಗೆ ತಲೆಯ ಮೇಲೆ ಇರುತ್ತದೆ, ಹಗ್ಗಗಳು ಮೇಲಿನಿಂದ ಇಳಿಯುತ್ತವೆ. ನೆಲ ಸಾಲದಾದಾಗ ಅವನು ಎತ್ತರವನ್ನು ದುಡಿಸಿಕೊಳ್ಳುತ್ತಾನೆ.

ನಾವು ಬಚ್ಚಲಿನಲ್ಲಿ ಮಾಡಬೇಕಾದುದೂ ಇದನ್ನೇ. ಆರಡಿಗಿಂತ ಮೇಲೆ ಸೂರಿನವರೆಗೆ ಮೂರು ನಾಲ್ಕಡಿ ಎತ್ತರ ಬರಿದೇ ಇರುತ್ತದೆ. ಎರಡೂವರೆ ಅಡಿ ಅಗಲದ ಬೈರಾಸನ್ನು ಒಂದೇ ಮಡಿಕೆಯಲ್ಲಿ ಹಾಕಿದರೆ ಆರಡಿಯ ಗಳದಲ್ಲಿ ಎರಡು ಹಿಡಿಯುತ್ತವೆ. ಅರ್ಧರ್ಧ ಅಡಿ ಅಂತರದಲ್ಲಿ ಮೂರು ಗಳ ಕಟ್ಟಿದರೆ ಆರು ಮಂದಿಗೆ ಸಾಕು. ರಾಟೆಗೆ ಹಗ್ಗ ಹಾಕಿ ಇಳಿಸಿ ಏರಿಸುವಂತೆ ಮಾಡಿದರೆ ಗಿಡ್ಡಗಿರುವವರಿಗೂ ಎಟಕುತ್ತದೆ. ಮಕ್ಕಳಿಗೆ ಮೂರಡಿ ಎತ್ತರದಲ್ಲಿ ಬೇರೆ ಗೂಟಗಳಿರಲಿ. ಬಾಗಿಲ ನೆತ್ತಿಯ ಮೇಲೆ ಒಂದಡಿ ಅಗಲದ ಕಡಪಕಲ್ಲು ಹಾಸಿದರೆ ನಾಗಂದಿಗೆಯಾಯಿತು. ಸೋಪಿನ ಪುಡಿ, ಫಿನಾಯಿಲು, ಬಳಸದ ಬಾಲ್ದಿ ಅದರ ಮೇಲೆ. ಪ್ಲೈವುಡ್ಡಿನ ಕಪಾಟು ಬೇಡ, ನಮ್ಮ ಹವೆಗೆ ಅದು ಉಬ್ಬಿ ಕೊಳೆಯುತ್ತದೆ. ದಪ್ಪ ಟರ್ಕಿ ಟವೆಲಿಗಿಂತ ತೆಳ್ಳನೆಯ ಕೈಮಗ್ಗದ ಬೈರಾಸು ಬೇಗ ಒಣಗುತ್ತದೆ, ಕಡಿಮೆ ಜಾಗ ಬೇಡುತ್ತದೆ. ಗಾಳಿಕಿಂಡಿಗೆ ಮಾತ್ರ ಯಾರೂ ರಟ್ಟು ತುರುಕಬಾರದು.

ಇವೆಲ್ಲ ಗಾರೆಗೆ ಮೊದಲೇ ನಿಶ್ಚಯವಾಗಬೇಕು. ಮುರಕಲ್ಲಿನ ಗೋಡೆ ಕಟ್ಟುವಾಗಲೇ ಅರ್ಧ ಕಲ್ಲಿನಷ್ಟು ಒಳಸರಿಸಿದರೆ ಗೂಡು ಹೆಚ್ಚು ಖರ್ಚಿಲ್ಲದೆ ಸಿಗುತ್ತದೆ. ಗೂಟ ಬರುವಲ್ಲಿ ಮರದ ತುಂಡು ಹುದುಗಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಟೈಲ್ಸ್ ಅಂಟಿಸಿದ ಮೇಲೆ ಕೊರೆಯಹೊರಟರೆ ಟೈಲ್ಸ್ ಸೀಳುವ ಭಯ, ಮೆತ್ತಗಿನ ಕಲ್ಲಿನಲ್ಲಿ ಮೊಳೆ ಸಡಿಲುವ ತೊಂದರೆ.

ಕೇರಳದ ಲೈಫ್ ಯೋಜನೆಯಲ್ಲಿ ಮನೆಗೆ ನಾಲ್ಕು ಲಕ್ಷ ರೂಪಾಯಿ ಸಿಗುತ್ತದೆ. ತೆಲಂಗಾಣದಲ್ಲಿ 2024ರಲ್ಲಿ ಆರಂಭವಾದ ಇಂದಿರಮ್ಮ ಮನೆಗಳಿಗೆ ಐದು ಲಕ್ಷ. ಎರಡೂ ಕಡೆ ಇಂಥ ಮನೆಗಳು ನಾನೂರು ಚದರ ಅಡಿಯ ಆಸುಪಾಸಿನವು. ಆ ಅಳತೆಯಲ್ಲಿ ಬಚ್ಚಲು ದೊಡ್ಡದಾಗಲಿ ಎಂದು ಕೇಳುವುದು ನ್ಯಾಯವಲ್ಲ. ಆದರೆ ನಕ್ಷೆಯಲ್ಲಿ ಬಾಗಿಲು, ಕಿಟಕಿ ಗುರುತಿಸುವಂತೆ ಗಳ, ಗೂಡು, ಗೂಟಗಳನ್ನೂ ಗುರುತಿಸಿ ಎಂದು ಪಂಚಾಯತಿನ ಇಂಜಿನಿಯರರನ್ನು ಕೇಳಲು ಯಾವ ಹೊಸ ಅನುದಾನವೂ ಬೇಡ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಹೆಂಗಸರು ತಮ್ಮ ತಿಂಗಳ ಬಟ್ಟೆಯನ್ನು ಬಿಸಿಲಿಗೆ ಹಾಕಲು ನಾಚಿ, ಇದೇ ಇಕ್ಕಟ್ಟಿನ ಬಚ್ಚಲಿನಲ್ಲಿ ಬೇರೆ ಬಟ್ಟೆಯ ಅಡಿ ಅಡಗಿಸಿ ಒಣಗಿಸುವುದು ಎಷ್ಟೋ ಮನೆಗಳಲ್ಲಿ ಈಗಲೂ ಉಂಟು. ಅದು ಚೆನ್ನಾಗಿ ಒಣಗದಿದ್ದರೆ ಕಾಯಿಲೆಗೆ ದಾರಿ. ಆದ್ದರಿಂದ ಬಚ್ಚಲಿನ ನಕ್ಷೆಗೆ ಯಜಮಾನರ ಒಪ್ಪಿಗೆ ಮಾತ್ರ ಸಾಲದು. ಮೇಸ್ತ್ರಿ ಗಾರೆ ಕಲಸುವ ಮೊದಲು ಮನೆಯ ಹೆಂಗಸರನ್ನು ಆ ನಾಲ್ಕು ಗೋಡೆಗಳ ನಡುವೆ ನಿಲ್ಲಿಸಿ, ಯಾವುದು ಎಲ್ಲಿ ಬರಬೇಕೆಂದು ಅವರ ಬಾಯಿಂದಲೇ ಕೇಳಿ ಗೋಡೆಯ ಮೇಲೆ ಗುರುತು ಹಾಕಿಸಬೇಕು.