ಗುರಿಗೆ ತಕ್ಕ ತಾಲೀಮು

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ ಹತ್ತಿರ ಬಂತೆಂದರೆ ಗುಬ್ಬಿ, ಕುಣಿಗಲ್ ಕಡೆಯ ಹುಡುಗರು ನಸುಕಿಗೇ ಎದ್ದು ಓಡಲು ಶುರುಮಾಡುತ್ತಾರೆ. ತುಮಕೂರಿನಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವವರೂ ಅಷ್ಟೆ. ಶ್ರಮಕ್ಕೆ ಕೊರತೆಯಿಲ್ಲ. ಆದರೆ ಬಹಳ ಮಂದಿಯ ತಯಾರಿ ಎಂದರೆ ದಿನವೂ ಅದೇ ರಸ್ತೆ, ಅದೇ ದೂರ, ಅದೇ ವೇಗ. ಕಾನ್‌ಸ್ಟೆಬಲ್ ಪರೀಕ್ಷೆಯಾಗಲಿ, ವಿದ್ಯುತ್ ಕಂಪನಿಯ ಪವರ್‌ಮನ್ ಹುದ್ದೆಯಾಗಲಿ, ಹತ್ತು ಪುಲ್‌ಅಪ್ ಹೊಡೆದರೆ ಪೂರ್ತಿ 40 ಅಂಕ ಕೊಡುವ ಅಗ್ನಿವೀರರ ರ‍್ಯಾಲಿಯಾಗಲಿ, ಎಲ್ಲಕ್ಕೂ ಅದೊಂದೇ ಓಟ. ದೇಹ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೋ ಆ ಕೆಲಸಕ್ಕೆ ಪಳಗುತ್ತದೆ. ಆದ್ದರಿಂದ ಗುರಿ ಯಾವುದೆಂದು ಮೊದಲು ತೀರ್ಮಾನಿಸಿ, ತಾಲೀಮನ್ನು ಅದಕ್ಕೆ ಹೊಂದಿಸಬೇಕು. ಇಲ್ಲದಿದ್ದರೆ ತಿಂಗಳುಗಟ್ಟಲೆ ಸುರಿಸಿದ ಬೆವರು ಪರೀಕ್ಷೆಯ ದಿನ ಕೈಗೆ ಬರುವುದಿಲ್ಲ.

ಪರೀಕ್ಷೆ ಕೇಳುವುದೇನು ನೋಡಿ. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು, 3.80 ಮೀಟರ್ ಉದ್ದ ಅಥವಾ 1.20 ಮೀಟರ್ ಎತ್ತರ ಜಿಗಿಯಬೇಕು, 7.26 ಕೆ.ಜಿ. ಗುಂಡನ್ನು 5.60 ಮೀಟರ್ ಎಸೆಯಬೇಕು. ಮಹಿಳೆಯರಿಗೆ ಓಟ 400 ಮೀಟರ್, ಸಮಯ 2 ನಿಮಿಷ. 1600 ಮೀಟರ್ ಎಂದರೆ ಟ್ರ್ಯಾಕಿನ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ದಿನವೂ ಐದಾರು ಕಿಲೋಮೀಟರ್ ನಿಧಾನವಾಗಿ ಓಡುವವನಿಗೆ ದಮ್ಮು ಬರುತ್ತದೆ ನಿಜ, ಆ ಬುನಾದಿ ಬೇಕೇ ಬೇಕು. ಆದರೆ ಪರೀಕ್ಷೆಯ ವೇಗ ಅವನ ಕಾಲಿಗೆ ಪರಿಚಯವೇ ಆಗಿರುವುದಿಲ್ಲ. ವಾರಕ್ಕೆರಡು ದಿನ ಒಂದು ಸುತ್ತನ್ನು ತೊಂಬತ್ತೈದು ಸೆಕೆಂಡಿಗೆ ಮುಗಿಸಿ, ಎರಡು ನಿಮಿಷ ನಡೆದು ಸುಧಾರಿಸಿಕೊಂಡು, ಮತ್ತೆ ಅದೇ ವೇಗದಲ್ಲಿ ಐದಾರು ಸಲ ಓಡಿದವನು ಮೂರನೇ ಸುತ್ತಿನ ಏದುಸಿರಿಗೆ ಹೆದರುವುದಿಲ್ಲ. ಗುಂಡು ಎಸೆತಕ್ಕೆ ಈ ಓಟದಿಂದ ಸಿಗುವ ನೆರವು ತೀರಾ ಕಡಿಮೆ. ಗುಂಡು ದೂರ ಹೋಗುವುದು ಬರೀ ತೋಳಿನ ಬಲದಿಂದಲ್ಲ. ಕಾಲು ನೆಲವನ್ನು ಒತ್ತಬೇಕು, ಸೊಂಟ ತಿರುಗಬೇಕು, ಆ ಬಲ ಭುಜದ ಮೂಲಕ ಕೈಗೆ ಬರಬೇಕು. ಅದಕ್ಕೆ ಭಾರ ಹೊತ್ತ ಬಸ್ಕಿ ಬೇಕು, ನಿಂತಲ್ಲಿಂದ ಚಿಮ್ಮುವ ಜಿಗಿತ ಬೇಕು, ಅಷ್ಟೇ ತೂಕದ ಗುಂಡು ಹಿಡಿದು ಮಾಡಿದ ಅಭ್ಯಾಸವೂ ಬೇಕು.

ಹೊಲ-ತೋಟದಲ್ಲಿ ದುಡಿದ ಮೈಗೆ ಇದೆಲ್ಲ ಯಾಕೆ ಎಂದು ಹಿರಿಯರು ಕೇಳುತ್ತಾರೆ. ಆ ದುಡಿಮೆಯನ್ನು ಹಗುರವಾಗಿ ಕಾಣುವಂತಿಲ್ಲ. ಪವರ್‌ಮನ್ ಹುದ್ದೆಗೆ 8 ಮೀಟರ್ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. ಗುಬ್ಬಿ ಸೀಮೆಯಲ್ಲಿ ತೆಂಗಿನ ಮರ ಹತ್ತಿ ರೂಢಿಯಾದ ಹುಡುಗನಿಗೆ ಅಲ್ಲಿ ಯಾವ ಜಿಮ್ಮೂ ಕೊಡದ ಹಿಡಿತ, ಎತ್ತರದ ಧೈರ್ಯ ಎರಡೂ ಇರುತ್ತವೆ. ಆದರೆ 800 ಮೀಟರನ್ನು 3 ನಿಮಿಷದಲ್ಲಿ ಓಡಬೇಕಾಗಿ ಬಂದಾಗ ಆ ಹಿಡಿತ ಒದಗುವುದಿಲ್ಲ. ಹಿರಿಯರ ಮಾತು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ: ಮರ ಹತ್ತಿದ ಮೈ ಹತ್ತುವುದಕ್ಕೆ ಪಳಗಿದೆ. ಕುಣಿಗಲ್‌ನ ಕುದುರೆ ಫಾರಂ ದೇಶಕ್ಕೇ ಹೆಸರಾದದ್ದು. 1200 ಮೀಟರ್ ಓಟದ ಕುದುರೆಯನ್ನು ಅದೇ ತರಬೇತಿಯಲ್ಲಿ 2400 ಮೀಟರಿನ ಡರ್ಬಿಗೆ ಇಳಿಸಬಾರದೆಂದು ಕುದುರೆ ಬಲ್ಲವರಿಗೆ ಗೊತ್ತು. ನಮ್ಮ ಹುಡುಗರಿಗೂ ಅಷ್ಟು ಕಾಳಜಿ ಸಲ್ಲಬೇಕು.

ಹಾಗಾದರೆ ಎಲ್ಲವನ್ನೂ ಒಟ್ಟಿಗೆ ಮಾಡಿದರಾಯಿತಲ್ಲ ಎನ್ನಬಹುದು. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯುವಂಥದ್ದು. ಹತ್ತು ವಾರ ಬರೀ ಭಾರ ಎತ್ತಿದವರ ಬಲ ಏರುತ್ತಲೇ ಹೋಯಿತು. ಭಾರದ ಜೊತೆ ಕಠಿಣ ಓಟ, ಸೈಕ್ಲಿಂಗ್ ಎರಡನ್ನೂ ಮಾಡಿದವರ ಬಲ ಏಳೆಂಟು ವಾರಕ್ಕೆ ನಿಂತು, ಕೊನೆಗೆ ಇಳಿಯಿತು. ಅವರು ವಾರಕ್ಕೆ ಐದಾರು ದಿನ ಎರಡನ್ನೂ ವಿಪರೀತವಾಗಿ ಮಾಡಿದ್ದರು, ನಿಜ. ಮಿತವಾಗಿ ಮಾಡಿದರೆ ಇಷ್ಟು ನಷ್ಟವಿಲ್ಲವೆಂದು ಆಮೇಲಿನ ಸಂಶೋಧನೆಗಳು ತೋರಿಸಿವೆ. ಹಾಗಾಗಿ ಓಟ, ಜಿಗಿತ, ಎಸೆತ ಮೂರೂ ಬೇಕಾದವನು ದಿನಗಳನ್ನು ಹಂಚಿಕೊಳ್ಳಬೇಕು. ಬಿರುಸಿನ ಓಟದ ಮರುದಿನ ಕಾಲಿಗೆ ಭಾರ ಹೇರಬಾರದು, ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡಬೇಕು.

ಇದು ನೌಕರಿ ಹುಡುಕುವವರ ವಿಷಯ ಮಾತ್ರವಲ್ಲ. ತುಮಕೂರಿನ ಅಮಾನಿಕೆರೆಯ ಸುತ್ತ ನಡೆಯುವವರಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ತೂಕ ಇಳಿಸಬೇಕೆಂದವರಿದ್ದಾರೆ, ಮಂಡಿ ಸೋತ ಹಿರಿಯರಿದ್ದಾರೆ. ಏನೂ ಮಾಡದೆ ಕೂರುವುದಕ್ಕಿಂತ ನಡೆಯುವುದು ಮೇಲು, ಅದಕ್ಕೂ ಲೆಕ್ಕ ಹಾಕಿ ಜನರನ್ನು ಹೆದರಿಸಬೇಡಿ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಹೊಸದಾಗಿ ಶುರುಮಾಡಿದವರಿಗೆ ಯಾವ ವ್ಯಾಯಾಮವೂ ಗುಣ ಕೊಡುತ್ತದೆ, ಸಕ್ಕರೆಯ ಹತೋಟಿಗೆ ನಡಿಗೆ ಖಂಡಿತ ಸಹಾಯಕ. ಆದರೆ ತೂಕ ಇಳಿಯುವುದರಲ್ಲಿ ನಡಿಗೆಗಿಂತ ತಟ್ಟೆಯ ಪಾಲು ಹೆಚ್ಚು. ಕುರ್ಚಿಯಿಂದ ಏಳಲು ಕೈಯೂರಬೇಕಾದ ಅಜ್ಜಿಗೆ ಬೇಕಾಗಿರುವುದು ತೊಡೆಯ ಬಲ, ಅದು ಸಮತಟ್ಟಾದ ದಾರಿಯಲ್ಲಿ ನಡೆದಷ್ಟಕ್ಕೆ ಬರುವುದಿಲ್ಲ. ಬಾಸ್ಟನ್‌ನಲ್ಲಿ ಸರಾಸರಿ 90 ವರ್ಷದ ವೃದ್ಧರಿಗೆ ಎಂಟು ವಾರ ಭಾರದ ತಾಲೀಮು ಕೊಟ್ಟಾಗ ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತೆಂದು 1990ರಲ್ಲಿ ವರದಿಯಾಯಿತು. ಚಿಕ್ಕ ಪ್ರಯೋಗ, ಹತ್ತೇ ಜನ. ಆದರೂ ಈ ವಯಸ್ಸಿಗೆ ನಡಿಗೆಯೇ ಸಾಕು ಎನ್ನುವ ಮಾತನ್ನು ಅದು ಸುಳ್ಳಾಗಿಸಿತು. ವಾರಕ್ಕೆ 150 ನಿಮಿಷದ ಚಟುವಟಿಕೆಯ ಜೊತೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಮೊದಲರ್ಧ ಮಾತ್ರ ಜನರ ಕಿವಿಗೆ ಬಿದ್ದಿದೆ.

ದುಡ್ಡಿಲ್ಲ, ಕೋಚ್ ಇಲ್ಲ ಎನ್ನುವ ಕಷ್ಟ ನಿಜವಾದದ್ದು, ಅದನ್ನು ಹುಡುಗರ ಮೇಲೆ ಹೊರಿಸುವುದು ಅನ್ಯಾಯ. ಆದರೆ ಬೇಕಾಗಿರುವುದು ದೊಡ್ಡ ಜಿಮ್ ಅಲ್ಲ. ಗುಬ್ಬಿ, ಕುಣಿಗಲ್‌ನ ಮೈದಾನಗಳಲ್ಲಿ ಸುಣ್ಣ ಹಾಕಿ ಸರಿಯಾಗಿ ಅಳೆದ 400 ಮೀಟರ್ ಸುತ್ತು, ಒಂದು ಮರಳಿನ ಹೊಂಡ, 7.26 ಮತ್ತು 4 ಕೆ.ಜಿ.ಯ ಒಂದೆರಡು ಗುಂಡು, ಒಂದು ಪುಲ್‌ಅಪ್ ಕಂಬಿ. ಇದರ ಜೊತೆಗೆ ಅಧಿಸೂಚನೆ ಬಂದ ವಾರವೇ ಆ ಪರೀಕ್ಷೆಗೆ ಹೊಂದುವ ಹತ್ತು ವಾರದ ಪಟ್ಟಿ ಬರೆದು ಮೈದಾನದ ಗೋಡೆಗೆ ಅಂಟಿಸುವ, ಭಾನುವಾರ ಬೆಳಗ್ಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು. ಈ ಕೆಲಸಕ್ಕೆ ತಾಲ್ಲೂಕಿಗೊಬ್ಬರನ್ನು ನಿಯೋಜಿಸಿ, ಅವರಿಗೊಂದು ಗೌರವಧನ ಕೊಡುವುದನ್ನು ಜಿಲ್ಲಾಡಳಿತ ಮುಂದಿನ ನೇಮಕಾತಿಗೆ ಮೊದಲೇ ಮಾಡಬೇಕು.